ಗಾದೆ ಮದ್ದಲ್ಲ

'ವೇದ ಸುಳ್ಳಾದರೂ ಗಾದೆ ಸುಳ್ಳಾಗದು' ಎಂಬ ಮಾತನ್ನು ಕೇಳುತ್ತಲೇ ಬೆಳೆದವರು ನಾವು. ಬಿತ್ತನೆಯ ಹದ, ಸಾಲದ ಸಂಕಟ, ನೆರೆಹೊರೆಯ ನಡವಳಿಕೆ ಮೊದಲಾದವನ್ನು ಕುರಿತು ಹಿರಿಯರು ಕಟ್ಟಿಕೊಟ್ಟ ಗಾದೆಗಳಲ್ಲಿ ಅನುಭವದ ಸಾರವಿದೆಯೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ, ಸದ್ಭಕ್ತರೇ, ಒಂದು ಮಾತನ್ನು ನಿಷ್ಠುರವಾಗಿಯೇ ಹೇಳಬೇಕಾಗಿದೆ. ಮನುಷ್ಯನ ನಡೆನುಡಿಗಳಲ್ಲಿ ತೋರುವ ಕಾಯಿಲೆಗಳ ವಿಷಯದಲ್ಲಿ ನಮ್ಮ ಮೂರು ಗಾದೆಗಳು ಸುಳ್ಳು ನುಡಿಯುತ್ತಿವೆ. ಬಾಲ್ಯದ ಬಾಗಿಲಲ್ಲೊಂದು, ಯೌವನದ ಬಾಗಿಲಲ್ಲೊಂದು, ಮುಪ್ಪಿನ ಬಾಗಿಲಲ್ಲೊಂದು ಕಾವಲು ನಿಂತು, ರೋಗಿಯನ್ನು ವೈದ್ಯನ ಬಳಿಗೆ ಹೋಗಗೊಡದೆ ತಡೆಯುತ್ತಿವೆ. ಆ ಕಾವಲುಗಾರರನ್ನು ಅಲ್ಲಿ ನಿಲ್ಲಿಸಿದವರು ನಾವೇ.

ಮೊದಲನೆಯದು 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?' ಎಂಬುದು. ಈ ಮಾತಿನ ಬಲದಿಂದ ಎಷ್ಟು ಮಕ್ಕಳ ಬೆನ್ನ ಮೇಲೆ ಬೆತ್ತವಾಡಿದೆಯೆಂಬುದನ್ನು, ವಸತಿಶಾಲೆಗಳಲ್ಲಿ ಓದಿ ಬಂದ ನೀವು ಬಲ್ಲಿರಿ. ಪಾಠದ ನಡುವೆ ಕೆಲವು ಕ್ಷಣ ಕಣ್ಣು ನೆಟ್ಟು ಕುಳಿತು, ಕರೆದರೂ ಓಗೊಡದ ಬಾಲಕನನ್ನು ಗಮನಗೇಡಿಯೆಂದು ಬಯ್ಯುತ್ತೇವೆ. ಅದು ಮೂರ್ಛೆರೋಗದ ಒಂದು ಪ್ರಕಾರವಾಗಿರಬಹುದು. ಹೇಳಿದ್ದನ್ನು ಕೇಳದ ಮಗುವನ್ನು ಹಟಮಾರಿಯೆನ್ನುತ್ತೇವೆ. ಅದರ ಕಿವಿಯೇ ಮಂದವಾಗಿರಬಹುದು. ಮಾತಿನಲ್ಲಿ ಚುರುಕಾಗಿದ್ದೂ ಅಕ್ಷರಗಳನ್ನು ತಿರುಗುಮುರುಗು ಮಾಡುವ ಹುಡುಗನನ್ನು ದಡ್ಡನೆನ್ನುತ್ತೇವೆ. ಅವನದು ನಿರ್ದಿಷ್ಟ ಕಲಿಕಾ ನ್ಯೂನತೆಯಾಗಿರಬಹುದು. ಅಂಥ ನ್ಯೂನತೆಯನ್ನೂ ಆಟಿಸಂ ಎಂಬ ಬೆಳವಣಿಗೆಯ ತೊಡಕನ್ನೂ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ತನ್ನ 21 ಬಗೆಗಳ ಪಟ್ಟಿಯಲ್ಲಿ ಸೇರಿಸಿದೆ. ಐದು ವರ್ಷ ದಾಟಿದ ಮೇಲೂ ಹಾಸಿಗೆಯಲ್ಲಿ ಮೂತ್ರ ಮಾಡುವ ಮಕ್ಕಳು ಅನೇಕರಿರುತ್ತಾರೆ. ಅದು ನಿದ್ರೆಯಲ್ಲಿ ಅರಿವಿಲ್ಲದೆ ನಡೆಯುವ ಸಂಗತಿ. ನಿದ್ರೆಯಲ್ಲಿ ನಡೆದುದಕ್ಕೆ ಎಚ್ಚರದಲ್ಲಿ ಶಿಕ್ಷೆ ಕೊಡುವುದು ಯಾವ ನ್ಯಾಯ? ಗಿಡ ಬಗ್ಗದಿದ್ದರೆ ಬೇರಿಗೆ ಏನಾಗಿದೆಯೆಂದು ನೋಡುವವನು ತೋಟಗಾರ. ಬಗ್ಗಿಸಲೆಂದೇ ಹೊರಟವನು ಗಿಡವನ್ನು ಮುರಿಯುತ್ತಾನೆ.

ಎರಡನೆಯದು 'ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು' ಎಂಬ ಜಾಣ್ನುಡಿ. ಇದರ ಎರಡನೆಯ ಅರ್ಧವನ್ನೇ ಸತ್ಯವೆಂದು ಹಿಡಿದು ನಾವು ಎಷ್ಟು ಮನೆಗಳನ್ನು ಮುಳುಗಿಸಿದ್ದೇವೆ! ಮನೋರೋಗಗಳಲ್ಲಿ ಅರ್ಧದಷ್ಟು 14ನೆಯ ವಯಸ್ಸಿನೊಳಗೇ ಮೊಳೆಯುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಲ್ಲದ ದನಿಗಳು ಕೇಳಿಸುವ, ಎಲ್ಲರೂ ತನಗೆ ಕೇಡು ಬಗೆಯುತ್ತಿದ್ದಾರೆಂಬ ಭ್ರಮೆ ಹುಟ್ಟಿಸುವ ಸ್ಕಿಜೋಫ್ರೇನಿಯಾ ಸಾಮಾನ್ಯವಾಗಿ ತಲೆಯೆತ್ತುವುದು ಹದಿಹರೆಯದ ಕೊನೆಯಿಂದ ಮೂವತ್ತರೊಳಗೆ, ಎಂದರೆ ನಾವು ಕನ್ಯೆ-ವರ ನೋಡುವ ಕಾಲದಲ್ಲಿಯೇ. ರೋಗವನ್ನು ಮುಚ್ಚಿ ಲಗ್ನ ಮಾಡಿದರೆ ಗುಣವಾಗುವುದಿಲ್ಲ. ಮದುವೆಯ ಗದ್ದಲ, ನಿದ್ರೆಗೇಡು, ಗುಟ್ಟು ಬಯಲಾದೀತೆಂದು ಮಾತ್ರೆ ನಿಲ್ಲಿಸುವುದು, ಇವೆಲ್ಲ ಕೂಡಿ ರೋಗ ಮರುಕಳಿಸುತ್ತದೆ. ಆಗ 'ಸೊಸೆಯ ಕಾಲ್ಗುಣ' ಎಂಬ ಇನ್ನೊಂದು ಸುಳ್ಳು ಹುಟ್ಟುತ್ತದೆ. ಒಬ್ಬ ರೋಗಿಯಿದ್ದ ಮನೆಯಲ್ಲಿ ಇಬ್ಬರು ದುಃಖಿಗಳಾಗುತ್ತಾರೆ.

ಚಿಕಿತ್ಸೆ ಪಡೆದವರು ಮದುವೆಯಾಗಲೇಬಾರದೆಂದು ಇದರ ಅರ್ಥವಲ್ಲ. ಔಷಧದ ಹಿಡಿತದಲ್ಲಿದ್ದು, ಎರಡೂ ಮನೆಯವರು ತಿಳಿದು ಒಪ್ಪಿ, ಚೆನ್ನಾಗಿ ಬಾಳುತ್ತಿರುವ ದಂಪತಿಗಳು ಎಷ್ಟೋ ಮಂದಿ ಇದ್ದಾರೆ. ಮೂರ್ಛೆರೋಗವಂತೂ ಸರಿಯಾದ ಔಷಧದಿಂದ ನೂರಕ್ಕೆ ಸುಮಾರು 70 ಮಂದಿಯಲ್ಲಿ ಪೂರ್ಣ ಹಿಡಿತಕ್ಕೆ ಬರಬಲ್ಲುದು. 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಮದುವೆಗೆ ಅಡ್ಡಿಯೆನಿಸಿದ್ದ ಆ ರೋಗದ ಹೆಸರನ್ನು 1999ರ ತಿದ್ದುಪಡಿಯಲ್ಲಿ ತೆಗೆದುಹಾಕಲಾಗಿದೆ. ಕಾಯಿದೆ ಕೈಬಿಟ್ಟ ಕಳಂಕವನ್ನು ನಾವೇಕೆ ಇನ್ನೂ ಹೊತ್ತು ತಿರುಗಬೇಕು? ಕೇಡು ರೋಗದಲ್ಲಿರುವುದಕ್ಕಿಂತ ಹೆಚ್ಚಾಗಿ ಗುಟ್ಟಿನಲ್ಲಿದೆ.

ಹೆರಿಗೆಯಾದ ಕೆಲವೇ ದಿನಗಳಲ್ಲಿ ನಿದ್ರೆಗೆಟ್ಟು, ಅಸಂಬದ್ಧವಾಗಿ ಮಾತನಾಡಿ, ಹೆತ್ತ ಕೂಸನ್ನೇ ಗುರುತಿಸದಾಗುವ ಬಾಣಂತಿಯರುಂಟು. ಸಾವಿರ ಹೆರಿಗೆಗಳಲ್ಲಿ ಒಬ್ಬಿಬ್ಬರಿಗೆ ಹೀಗಾಗುತ್ತದೆ. ನಮ್ಮ ಅಜ್ಜಿಯರು ಅದಕ್ಕೆ 'ಸನ್ನಿ' ಎಂದು ಹೆಸರಿಟ್ಟು ರೋಗವೆಂದೇ ಗುರುತಿಸಿದ್ದರು. ನಾವಾದರೋ ಅಕ್ಷರ ಕಲಿತೂ ಅದನ್ನು ಗಾಳಿಯೆಂದು, ದೃಷ್ಟಿಯೆಂದು ಕರೆದು ತಾಯಿತ ಕಟ್ಟಿಸುತ್ತೇವೆ. ಅದು ಅಂದೇ ಆಸ್ಪತ್ರೆಗೆ ಒಯ್ಯಬೇಕಾದ ಸ್ಥಿತಿ. ತಡಮಾಡಿದರೆ ತಾಯಿ-ಮಗು ಇಬ್ಬರ ಜೀವಕ್ಕೂ ಅಪಾಯ. ಬೇಗ ಚಿಕಿತ್ಸೆ ದೊರೆತರೆ ಬಹುಪಾಲು ತಾಯಂದಿರು ಪೂರ್ಣ ಗುಣಹೊಂದುತ್ತಾರೆ.

ನಡುವಯಸ್ಸಿನ ಪಿಡುಗಾದ ಕುಡಿತದ ಬಗ್ಗೆಯೂ ಒಂದು ಮಾತು ಅಗತ್ಯ. ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಜನರ ದುಶ್ಚಟಗಳನ್ನು ಭಿಕ್ಷೆ ಬೇಡಿದ್ದು ನಾಡಿಗೆಲ್ಲ ತಿಳಿದ ಸಂಗತಿ. ಅವರ ಜನ್ಮದಿನವಾದ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿದೆ. ಆ ಜೋಳಿಗೆಯ ಬೆಲೆ ದೊಡ್ಡದು. ಅದನ್ನು ಅನುಸರಿಸುವವರು ಮಾತ್ರ ಒಂದು ವೈದ್ಯಕೀಯ ಸತ್ಯವನ್ನು ಮರೆಯಕೂಡದು. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವನು ಆಣೆಯಿಟ್ಟು ಒಮ್ಮೆಗೇ ನಿಲ್ಲಿಸಿದರೆ, ಎರಡು ಮೂರು ದಿನಗಳಲ್ಲಿ ಕೈನಡುಕ, ಭ್ರಮೆ, ಫಿಟ್ಸ್ ಕಾಣಿಸಿಕೊಂಡು ಪ್ರಾಣವೇ ಹೋಗಬಹುದು. ಆಗ ಜನ 'ದೇವರು ಕಾಡಿದ' ಎನ್ನುತ್ತಾರೆ. ಕಾಡಿದ್ದು ದೇವರಲ್ಲ, ಮದ್ಯಕ್ಕೆ ಒಗ್ಗಿದ ಮಿದುಳು. ಆದ್ದರಿಂದ ಜೋಳಿಗೆಯ ಹಿಂದೆ ಒಬ್ಬ ವೈದ್ಯನಿರಲಿ.

ಮೂರನೆಯ ಗಾದೆ 'ಅರವತ್ತಕ್ಕೆ ಅರಳುಮರಳು'. ಎಲ್ಲಕ್ಕಿಂತ ಕ್ರೂರವಾದುದು ಇದೇ, ಏಕೆಂದರೆ ಇದು ನಗುನಗುತ್ತಲೇ ಕೊಲ್ಲುತ್ತದೆ. ಭಾರತದಲ್ಲಿ 60 ದಾಟಿದವರಲ್ಲಿ ಮರೆವಿನ ರೋಗವಿರುವವರು ನೂರಕ್ಕೆ ಸುಮಾರು 7 ಮಂದಿಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಹೇಳಿತು. ಉಳಿದ ತೊಂಬತ್ತಕ್ಕೂ ಹೆಚ್ಚು ಹಿರಿಯರನ್ನು ಈ ಗಾದೆ ಸುಮ್ಮನೆ ಅವಮಾನಿಸುತ್ತದೆ. ಇನ್ನು ಮಂಕಾದ ಹಿರಿಯರೆಲ್ಲರಿಗೂ ಮರಳಿ ಬಾರದ ರೋಗವೇ ಇರುತ್ತದೆಯೇ? ಥೈರಾಯ್ಡ್ ಗ್ರಂಥಿಯ ಕೊರತೆ, ಮನಸ್ಸಿನ ಖಿನ್ನತೆ, ಬಿದ್ದಾಗ ತಲೆಯೊಳಗೆ ನಿಧಾನವಾಗಿ ಸೋರಿ ಹೆಪ್ಪುಗಟ್ಟಿದ ರಕ್ತ, ಮೂತ್ರದ ಸೋಂಕು, ಒಂದರ ಮೇಲೊಂದು ನುಂಗುವ ಮಾತ್ರೆಗಳು, ಇವೆಲ್ಲವೂ ಮರೆವನ್ನೂ ಗಲಿಬಿಲಿಯನ್ನೂ ತರಬಲ್ಲವು, ಇವೆಲ್ಲಕ್ಕೂ ಚಿಕಿತ್ಸೆಯುಂಟು. ಬಿ-12 ಜೀವಸತ್ವದ ಕೊರತೆಯೂ ಈ ಪಟ್ಟಿಗೆ ಸೇರಿದ್ದು. ಅದು ಸಸ್ಯಾಹಾರದಲ್ಲಿ ಸಿಗುವುದು ಮುಖ್ಯವಾಗಿ ಹಾಲು ಮೊಸರುಗಳಿಂದ. ಹಲ್ಲಿಲ್ಲದೆ, ಹಸಿವಿಲ್ಲದೆ, ಗಂಜಿಯಲ್ಲೇ ದಿನ ಕಳೆಯುವ ನಮ್ಮ ಸಸ್ಯಾಹಾರಿ ಹಿರಿಯರಲ್ಲಿ ಈ ಕೊರತೆಯನ್ನು ಹುಡುಕುವುದು ಒಂದು ಸಣ್ಣ ರಕ್ತಪರೀಕ್ಷೆಯ ಕೆಲಸ. ಆ ಪರೀಕ್ಷೆಯನ್ನೂ ಮಾಡಿಸದೆ 'ವಯಸ್ಸಾಯಿತು' ಎಂದು ಕೈತೊಳೆದುಕೊಂಡರೆ ಅದು ವಿಧಿಯಲ್ಲ, ನಮ್ಮ ಉದಾಸೀನ.

ಕೆಲವರು ಎರಡು ಆಕ್ಷೇಪಗಳನ್ನು ಎತ್ತುವರು. ಮೊದಲನೆಯದು, 'ಇವೆಲ್ಲ ಪಾಶ್ಚಾತ್ಯರ ಮಾತ್ರೆಗಳು, ನಮಗೆ ಒಗ್ಗವು' ಎಂಬುದು. 1952ರಲ್ಲಿ ಪ್ಯಾರಿಸಿನಲ್ಲಿ ಕ್ಲೋರ್‌ಪ್ರೊಮಜಿನ್ ಎಂಬ ಔಷಧ ಮನೋರೋಗಿಗಳಿಗೆ ಬಳಕೆಗೆ ಬರುವುದಕ್ಕೂ ಎರಡು ದಶಕ ಮೊದಲೇ, 1931ರಲ್ಲಿ, ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ಇಬ್ಬರು ನಮ್ಮ ಸರ್ಪಗಂಧಿಯ ಬೇರು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಮದ್ದೆಂದು ಬರೆದಿದ್ದರು. ಮನಸ್ಸಿನ ಕಾಯಿಲೆಗೆ ಔಷಧ ಕೊಡಬೇಕೆಂಬ ವಿಚಾರ ನಮಗೆ ಹೊರಗಿನದಲ್ಲ.

ಎರಡನೆಯ ಆಕ್ಷೇಪ, 'ದೇವಸ್ಥಾನದಲ್ಲಿ ಗುಣವಾದವರನ್ನು ನಾವು ಕಣ್ಣಾರೆ ಕಂಡಿದ್ದೇವೆ' ಎಂಬುದು. ಇದಕ್ಕೆ ಪ್ರಾಮಾಣಿಕವಾದ ಉತ್ತರ ಬೇಕು. ತಮಿಳುನಾಡಿನ ಒಂದು ದೇವಾಲಯದಲ್ಲಿ ತಂಗಿದ್ದ 31 ಮಂದಿ ತೀವ್ರ ಮನೋರೋಗಿಗಳನ್ನು ಸಂಶೋಧಕರು ಪರೀಕ್ಷಿಸಿ 2002ರಲ್ಲಿ ವರದಿ ಪ್ರಕಟಿಸಿದರು. ಸರಾಸರಿ ಆರು ವಾರಗಳ ವಾಸದಲ್ಲಿ ರೋಗಲಕ್ಷಣಗಳು ನೂರಕ್ಕೆ ಇಪ್ಪತ್ತರಷ್ಟು ತಗ್ಗಿದ್ದವು. ಅಲ್ಲಿ ಹೊಡೆತವಿರಲಿಲ್ಲ, ಆಸರೆಯಿತ್ತು, ಅಂಜಿಕೆಯಿಲ್ಲದ ವಾತಾವರಣವಿತ್ತು. ಅದೇ ತಮಿಳುನಾಡಿನ ಎರವಾಡಿಯಲ್ಲಿ 2001ರ ಆಗಸ್ಟ್ 6ರಂದು ಏನಾಯಿತು? ಶ್ರದ್ಧಾಕೇಂದ್ರವೊಂದರ ಆಸುಪಾಸಿನ ಖಾಸಗಿ ಗುಡಿಸಲಿಗೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಬಿಗಿದಿದ್ದ ಮನೋರೋಗಿಗಳು ಓಡಲಾರದೆ 28 ಮಂದಿ ಸತ್ತರು. ಇಂಥದು ಯಾವ ಮತದ ನೆಲೆಯಲ್ಲಾದರೂ ನಡೆಯಬಹುದಾಗಿತ್ತು. ಆಸರೆ ಗುಣಪಡಿಸುತ್ತದೆ, ಸರಪಳಿ ಕೊಲ್ಲುತ್ತದೆ ಎಂಬುದೇ ಈ ಎರಡು ಊರುಗಳ ಪಾಠ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ಪ್ರಾರ್ಥನೆಯ ಜೊತೆಯಲ್ಲೇ ವೈದ್ಯರನ್ನು ಕೂರಿಸಿ 'ದವಾ-ದುವಾ' ಎಂದು ಎರಡನ್ನೂ ಒಟ್ಟಿಗೆ ನಡೆಸಿದರು. ಅವರಿಗೆ ಸಾಧ್ಯವಾದುದು ಜಾತ್ರೆಗೆ ಲಕ್ಷ ಜನ ಕೂಡುವ ನಮ್ಮ ಮಠಗಳಿಗೆ ಅಸಾಧ್ಯವೇ?

ಕರ್ನಾಟಕಕ್ಕೆ ಈ ವಿಷಯದಲ್ಲಿ ನೆಪಗಳೂ ಇಲ್ಲ. 1974ರಲ್ಲಿ ನಿಮ್ಹಾನ್ಸ್ ರೂಪುಗೊಂಡದ್ದು ಬೆಂಗಳೂರಿನಲ್ಲಿ. ಜಿಲ್ಲೆಯ ಹಳ್ಳಿಹಳ್ಳಿಗೆ ಮನೋವೈದ್ಯಕೀಯ ನೆರವನ್ನು ಮುಟ್ಟಿಸುವ ಪ್ರಯೋಗ 1985ರಲ್ಲಿ ಮೊದಲಾದದ್ದು ನಮ್ಮ ಬಳ್ಳಾರಿಯಲ್ಲಿ. 1996ರಲ್ಲಿ ಆರಂಭವಾದ ಕೇಂದ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಉತ್ತರದ ಜಿಲ್ಲೆಗಳಿಗೆ ಧಾರವಾಡದ ಡಿಮ್ಹಾನ್ಸ್ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ. 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ, ಹಣವಿಲ್ಲದೆ, ಸಲಹೆ ದೊರೆಯುತ್ತದೆ. ಇಷ್ಟಾದರೂ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ವಿವಿಧ ಮನೋರೋಗಗಳಿಂದ ಬಳಲುವವರಲ್ಲಿ ನೂರಕ್ಕೆ 70ರಿಂದ 92 ಮಂದಿ ಚಿಕಿತ್ಸೆಯಿಂದ ದೂರವೇ ಉಳಿದಿದ್ದರು. ವೈದ್ಯರ ಕೊರತೆ ಇದಕ್ಕೆ ಒಂದು ಕಾರಣ ನಿಜ. ಲಜ್ಜೆ ಇನ್ನೊಂದು. ಮೊದಲನೆಯದನ್ನು ಸರಕಾರ ತುಂಬಬೇಕು. ಎರಡನೆಯದನ್ನು ನೀಗಬೇಕಾದವರು ನೀವು.

ಮಠದ ಹಳೆಯ ವಿದ್ಯಾರ್ಥಿ ಬಂಧುಗಳೇ, ನಿಮ್ಮಲ್ಲಿ ಅನೇಕರು ಇಂದು ಶಿಕ್ಷಕರು, ಅಧಿಕಾರಿಗಳು, ವಕೀಲರು, ಊರಿನಲ್ಲಿ ನಾಲ್ವರು ಮಾತು ಕೇಳುವ ಹಿರಿಯರು. ಸಂಬಂಧ ಕುದುರಿಸಲು ಜನ ನಿಮ್ಮ ಬಳಿಗೇ ಬರುತ್ತಾರೆ. 'ಮದುವೆ ಮಾಡಿ, ಸರಿಹೋದಾನು' ಎಂಬ ಮಾತು ನಿಮ್ಮ ಬಾಯಿಂದ ಇನ್ನು ಹೊರಡದಿರಲಿ. ಪ್ರಸಾದನಿಲಯಗಳಲ್ಲಿ ಬೆತ್ತವೆತ್ತುವ ಮೊದಲು ಮಗುವಿನ ಕಣ್ಣು, ಕಿವಿ, ನಿದ್ರೆಗಳನ್ನು ಪರೀಕ್ಷೆ ಮಾಡಿಸುವ ಪದ್ಧತಿಯಾಗಲಿ. ಜಾತ್ರೆಯ ಮಹಾಮನೆಯ ಪಕ್ಕದಲ್ಲಿ ಮನೋವೈದ್ಯರೊಬ್ಬರಿಗೂ ಒಂದು ಕುರ್ಚಿ ಹಾಕಿರಿ. ಹಸಿದವನಿಗೆ ಅನ್ನ ನೀಡುವುದು ದಾಸೋಹವಾದರೆ, ಲಜ್ಜೆಯಿಂದ ಕೋಣೆಯೊಳಗೆ ಕೂಡಿಹಾಕಿದ ರೋಗಿಯನ್ನು ಬೆಳಕಿಗೆ ಕರೆತಂದು ವೈದ್ಯನ ಮುಂದೆ ಕೂರಿಸುವುದು ಏಕೆ ದಾಸೋಹವಾಗಬಾರದು?

ನಿಮ್ಮ ಮನೆಯಲ್ಲಿ ಅಂಥ ಕೋಣೆಯೊಂದಿದ್ದರೆ, ಅದರ ಬಾಗಿಲನ್ನು ಈ ವಾರವೇ ತೆರೆಯಿರಿ. ಶರಣು.