ಗೂಟಕ್ಕೆ ತೂಗಿದ ಬಂದೂಕು ದೇವರಲ್ಲ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಹಳೆಯ ವಾಡೆಗಳ ಪಡಸಾಲೆಯಲ್ಲಿ ಹಿರಿಯರ ಭಾವಚಿತ್ರದ ಪಕ್ಕಕ್ಕೆ ಒಂದು ಬಂದೂಕು ತೂಗಿರುವುದನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಖಂಡೇಪೂಜೆಯ ದಿನ ಅದಕ್ಕೆ ಕುಂಕುಮ ಹಚ್ಚಿ, ಹೂ ಏರಿಸಿ, ಕಾಯಿ ಒಡೆದು ಮತ್ತೆ ಗೂಟಕ್ಕೆ ತೂಗುಬಿಡುತ್ತೇವೆ. ಪೂಜೆಗೆ ನನ್ನ ತಕರಾರಿಲ್ಲ. ಆದರೆ ಪೂಜಿಸಿದ ಮಾತ್ರಕ್ಕೆ ಅದರೊಳಗಿನ ಸ್ಪ್ರಿಂಗಿನ ಜಂಗು ಹೋಗುವುದಿಲ್ಲ, ಸವೆದ ಕಬ್ಬಿಣ ಬೆಳೆಯುವುದಿಲ್ಲ. ಈ ಸರಳ ಸತ್ಯವನ್ನು ಒಪ್ಪದವರೊಡನೆ ಇಂದು ನನ್ನ ಜಗಳ.

ಅವರ ಮೊದಲನೆಯ ವಾದ: "ಇದೇನು ದೊಡ್ಡ ಬಂದೂಕಲ್ಲ ಸರ್, ಬರೀ ಪಾಯಿಂಟ್ ಟೂ ಟೂ. ಗುಬ್ಬಿ ಹೊಡೆಯುವುದು." ಶಾಲೆಯಲ್ಲಿ ಎನ್‌ಸಿಸಿ ಸೇರಿ ಇದೇ ಅಳತೆಯ ರೈಫಲ್ಲನ್ನು ಹಿಡಿದವರಾದರೂ ಹೀಗೆನ್ನಬಾರದು. ಈ ಅಳತೆಯಲ್ಲಿ ಇಂದು ಹೆಚ್ಚು ಬಳಕೆಯಲ್ಲಿರುವ 'ಲಾಂಗ್ ರೈಫಲ್' ಕಾಡತೂಸು 1887ರಷ್ಟು ಹಳೆಯದು. ಅದರ ಗುಂಡು ಒಂದೂವರೆ ಮೈಲಿಯವರೆಗೂ ಅಪಾಯಕಾರಿ ಎಂದು ತಯಾರಕರೇ ಡಬ್ಬಿಯ ಮೇಲೆ ಎಚ್ಚರಿಕೆ ಮುದ್ರಿಸುತ್ತಾರೆ. ಒಂದೂವರೆ ಮೈಲಿ ಎಂದರೆ ನಿಮ್ಮ ಹೊಲದ ಬದುವನ್ನು ದಾಟಿ, ಹಳ್ಳವನ್ನು ದಾಟಿ, ಮುಂದಿನ ಊರಿನ ಅಗಸಿಯೊಳಗೆ! ಗುಬ್ಬಿಗೆ ತಾಗದ ಗುಂಡು ಎಲ್ಲಿಗೆ ಹೋಯಿತೆಂದು ವಿಚಾರಿಸಿದವರು ಯಾರು?

ಎರಡನೆಯ ವಾದ: "ಅಜ್ಜನ ಕಾಲದಿಂದ ಇದೆ, ಇಷ್ಟು ವರ್ಷ ಏನೂ ಆಗಿಲ್ಲ." ಇದಕ್ಕೆ ಉತ್ತರಿಸಲು ಆ ಕಾಡತೂಸಿನ ರಚನೆಯನ್ನು ತಿಳಿಯಬೇಕು. ದೊಡ್ಡ ರೈಫಲ್ಲುಗಳಲ್ಲಿ ಕಿಡಿ ಹುಟ್ಟಿಸುವ ಮದ್ದು ಕಾಡತೂಸಿನ ತಳದ ನಡುವೆ ಪ್ರತ್ಯೇಕ ಬಟ್ಟಲಿನಲ್ಲಿರುತ್ತದೆ. 'ರಿಮ್‌ಫೈರ್' ಎಂಬ ಈ ಜಾತಿಯಲ್ಲಿ ಅದು ತಳದ ಅಂಚಿನ ಮಡಿಕೆಯೊಳಗೇ ತುಂಬಿರುತ್ತದೆ. ಪಿನ್ನು ಆ ಅಂಚನ್ನು ಜಜ್ಜಿದಾಗ ಸಿಡಿಯುತ್ತದೆ. ಜಜ್ಜಬೇಕಾದ್ದರಿಂದ ಹಿತ್ತಾಳೆ ತೆಳುವಾಗಿರಲೇಬೇಕು. ಆ ತೆಳು ಅಂಚಿಗೆ ಹಿಂದಿನಿಂದ ಬೋಲ್ಟು ಬಿಗಿಯಾಗಿ ಆಧಾರ ಕೊಡಬೇಕು. ಹಳೆಯ ರೈಫಲ್ಲಿನಲ್ಲಿ ಬೋಲ್ಟು ಸವೆದು ಸಂದು ಬಿಟ್ಟಿದ್ದರೆ ಅಂಚು ಹರಿದು, ಬಿಸಿ ಅನಿಲವೂ ಹಿತ್ತಾಳೆಯ ಚೂರುಗಳೂ ಹಿಂದಕ್ಕೆ, ಗುರಿ ಹಿಡಿದವನ ಕಣ್ಣಿಗೇ ಬರುತ್ತವೆ. ಕೆಲವು ಹಳೆಯ ಮಾದರಿಗಳಲ್ಲಿ ಸುತ್ತಿಗೆ ಇಳಿದಿರುವಾಗ ಪಿನ್ನು ಕಾಡತೂಸಿನ ಅಂಚಿಗೆ ತಾಗಿಕೊಂಡೇ ಇರುತ್ತದೆ. ಅಂಥದು ಕೈಜಾರಿ ಬಿದ್ದರೆ ಸಾಕು, ಕುದುರೆ ಎಳೆಯಬೇಕಾಗಿಲ್ಲ. ನಳಿಗೆಯ ಕೆಳಗಿನ ಕೊಳವೆಯಲ್ಲಿ ಕಾಡತೂಸು ತುಂಬುವ ಮಾದರಿಯಲ್ಲಿ, ಎಲ್ಲ ಖಾಲಿಯಾಯಿತೆಂದುಕೊಂಡ ಮೇಲೂ ಒಂದು ಒಳಗೆ ಸಿಕ್ಕಿಕೊಂಡಿರಬಹುದು. ಹಳೆಯ ಕಾಡತೂಸು ದುರ್ಬಲವಾಗಿ ಸಿಡಿದು ಗುಂಡು ನಳಿಗೆಯ ನಡುವೆಯೇ ನಿಂತರೆ ಮುಂದಿನ ಗುಂಡು ನಳಿಗೆಯನ್ನೇ ಸೀಳಬಹುದು. "ಇಷ್ಟು ವರ್ಷ ಏನೂ ಆಗಿಲ್ಲ" ಎನ್ನುವುದು ಬಂದೂಕಿನ ಗುಣವಲ್ಲ, ಮನೆಯವರ ಪುಣ್ಯ. ಪುಣ್ಯವೂ ಸವೆಯುತ್ತದೆ.

ಇನ್ನು ಸಹಿಸಲಾಗದ ಸಂಗತಿಯೆಂದರೆ ರಿಪೇರಿಯ ಹೆಸರಿನ ಕೈಚಳಕ. ಕುದುರೆ ಬಿರುಸಾಗಿದೆಯೆಂದು ಒಳಗಿನ ಕೊಕ್ಕೆಗೆ ಅರ ಹಾಕಿ ಉಜ್ಜುವುದು, ಸ್ಪ್ರಿಂಗು ಮುರಿದರೆ ಸೈಕಲ್ಲಿನದೋ ಪಂಪಿನದೋ ತುರುಕುವುದು, ಒಯ್ಯಲು ಅನುಕೂಲವೆಂದು ನಳಿಗೆಯನ್ನೇ ಕೊಯ್ಯಿಸುವುದು. ಲೇಥ್ ಹಿಡಿದ ನಮ್ಮ ಹುಡುಗರ ಕಸುಬಿಗೆ ನಾನು ಕೈಮುಗಿಯುತ್ತೇನೆ. ನೇಗಿಲು, ಪಂಪು, ಟ್ರಾಲಿಗಳಿಗೆ ಅವರೇ ಆಧಾರ. ಆದರೆ ಕೊಕ್ಕೆಯ ಕೂದಲೆಳೆಯಷ್ಟು ಅಂಚು ಸವೆದರೆ ತಟ್ಟಿದ ಮಾತ್ರಕ್ಕೆ ಸಿಡಿಯುವ ಬಂದೂಕು ತಯಾರಾಗುತ್ತದೆ. ಕಾನೂನೂ ಇದನ್ನು ಆಟವೆಂದು ನೋಡುವುದಿಲ್ಲ. 1959ರ ಆಯುಧ ಕಾಯ್ದೆಯ 5ನೆಯ ಕಲಮಿನಂತೆ ಲೈಸೆನ್ಸಿಲ್ಲದೆ ಬಂದೂಕು ತಯಾರಿಸುವುದು, ದುರಸ್ತಿ ಅಥವಾ ಮಾರ್ಪಾಟು ಮಾಡಿ ಕೊಡುವುದು ಅಪರಾಧ. 6ನೆಯ ಕಲಮಿನಂತೆ ನಳಿಗೆ ಮೊಟಕುಗೊಳಿಸುವುದೂ ಅಪರಾಧ. 2019ರ ತಿದ್ದುಪಡಿಯ ನಂತರ ಇವಕ್ಕೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಸೆರೆವಾಸ. ನಿಮ್ಮ ಐನೂರು ರೂಪಾಯಿಯ ಕೆಲಸಕ್ಕಾಗಿ ಬಡ ಕಸುಬುದಾರನೊಬ್ಬನ ಬಾಳನ್ನು ಒತ್ತೆಯಿಡಲು ನಿಮಗೆ ಹಕ್ಕು ಕೊಟ್ಟವರು ಯಾರು? ಭೀಮಾ ತೀರಕ್ಕೆ ನಾಡಪಿಸ್ತೂಲಿನ ಅಪಕೀರ್ತಿ ಈಗಾಗಲೇ ಅಂಟಿದೆ. ಅದಕ್ಕೆ ಮರ್ಯಾದಸ್ಥರ ಮನೆಯಿಂದಲೂ ಕಾಣಿಕೆ ಬೇಕೆ?

ಇಲ್ಲಿ ಒಬ್ಬಿಬ್ಬರು ಹಲಗಲಿಯನ್ನು ಎಳೆದು ತರುತ್ತಾರೆ. 1857ರಲ್ಲಿ ಆಯುಧ ಒಪ್ಪಿಸಿರೆಂಬ ಆಜ್ಞೆಯನ್ನು ಧಿಕ್ಕರಿಸಿ ಹಲಗಲಿಯ ಬೇಡರು ಹೋರಾಡಿದರು. ಇಂಗ್ಲಿಷರು ಊರನ್ನೇ ಸುಟ್ಟರು, ವೀರರನ್ನು ಗಲ್ಲಿಗೇರಿಸಿದರು. ಅವಿಭಜಿತ ವಿಜಾಪುರ ಜಿಲ್ಲೆಯವರಾದ ನಮಗೆ ಅದು ಮನೆಯ ಕಥೆ. ಆದರೆ ಅವರು ಆಯುಧ ಹಿಡಿದದ್ದು ಪರಕೀಯ ಪ್ರಭುತ್ವದ ಎದುರು. ಜಂಗು ಹಿಡಿದ ರೈಫಲ್ಲು ಎದುರಿಸುವುದು ಯಾರನ್ನು? ಅದನ್ನು ಇಳಿಸಿ ಆಡುವ ಮೊಮ್ಮಗನನ್ನು, ಪಡಸಾಲೆ ಗುಡಿಸುವ ಸೊಸೆಯನ್ನು. ಇದಕ್ಕೆ ಹಲಗಲಿಯ ಹೆಸರು ಹೇಳುವುದು ಆ ವೀರರಿಗೆ ಮಾಡುವ ಅವಮಾನ.

ಬೆಳೆ ಕಾಯುವ ರೈತನ ಕಷ್ಟ ನಿಜವಾದದ್ದು, ಅದನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೆ ಕಾಯ್ದೆಯ 13ನೆಯ ಕಲಮೇ ಬೆಳೆ ರಕ್ಷಣೆಗೆ ಬೇರೆ ಬಗೆಯ ಬಂದೂಕನ್ನು ಹೆಸರಿಸಿ, ಪಾಯಿಂಟ್ ಟೂ ಟೂ ರೈಫಲ್ಲನ್ನು ಮಾನ್ಯತೆ ಪಡೆದ ಕ್ಲಬ್ಬಿನ ಸದಸ್ಯರ ಗುರಿ ಅಭ್ಯಾಸದ ಸಾಲಿಗೆ ಸೇರಿಸಿದೆ. ಚಿಗರಿಯನ್ನು ಕೊಲ್ಲುವುದಂತೂ 1972ರ ವನ್ಯಜೀವಿ ಕಾಯ್ದೆಯಂತೆ ಘೋರ ಅಪರಾಧ. ಮದುವೆ, ಜಾತ್ರೆಗಳಲ್ಲಿ ಜೀವಕ್ಕೆ ಅಪಾಯವಾಗುವಂತೆ ಸಂಭ್ರಮದ ಗುಂಡು ಹಾರಿಸುವವರಿಗೆ 2019ರಿಂದ 2 ವರ್ಷದವರೆಗೆ ಸಜೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಕಾದಿವೆ.

ಹಾಗಾದರೆ ಮಾಡಬೇಕಾದದ್ದೇನು? ಲೈಸೆನ್ಸ್ ಹೊಂದಿದ್ದ ಹಿರಿಯರು ತೀರಿಹೋಗಿದ್ದರೆ ಬಂದೂಕು ತಾನಾಗಿಯೇ ನಿಮ್ಮದಾಗುವುದಿಲ್ಲ. ವಿಳಂಬಿಸದೆ ಹತ್ತಿರದ ಠಾಣೆಗೋ ಲೈಸೆನ್ಸುಳ್ಳ ವ್ಯಾಪಾರಿಗೋ ಒಪ್ಪಿಸಿ ರಶೀದಿ ಪಡೆಯಿರಿ. ನಂತರ ಬೇಕೆನಿಸಿದರೆ ವಾರಸುದಾರರಾಗಿ ಅರ್ಜಿ ಹಾಕಿರಿ. ಲೈಸೆನ್ಸ್ ಇದ್ದವರು ಅಧಿಕೃತ ದುರಸ್ತಿಗಾರನಿಗೆ ತೋರಿಸದೆ ಒಂದು ಗುಂಡನ್ನೂ ಹಾರಿಸಬೇಡಿರಿ. ಕಾಗದ ನವೀಕರಣವಾದರೆ ಕಬ್ಬಿಣ ನವೀಕರಣವಾದಂತಲ್ಲ. ಕಾಡತೂಸು ಸಿಡಿಯದಿದ್ದರೆ ನಳಿಗೆಯನ್ನು ನಿರ್ಜನ ದಿಕ್ಕಿಗೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಿರಿ, ಒಳಗೆ ಇಣುಕಬೇಡಿರಿ. ಕಾಡತೂಸನ್ನೂ ಬಂದೂಕನ್ನೂ ಬೇರೆ ಬೇರೆ ಕೀಲಿಯೊಳಗಿಡಿರಿ.

ಅಜ್ಜನ ನೆನಪಿಗೆ ಅವರ ಕನ್ನಡಕವಿದೆ, ರುಮಾಲಿದೆ, ಅವರು ನೆಟ್ಟ ಬೇವಿನ ಮರವಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನಿಮ್ಮ ಮನೆಯಲ್ಲಿ ನಿಜವಾಗದಿರಲಿ. ಮುಂದಿನ ಖಂಡೇಪೂಜೆಗೆ ಆ ಗೂಟ ಖಾಲಿಯಿದ್ದರೆ ಅಜ್ಜ ಮುನಿಯಲಾರರು.