ಬಾಯಿಯನ್ನು ಗುತ್ತಿಗೆ ಕೊಟ್ಟವರಿಗೆ ಮತ ಕೊಡಬೇಡಿ

ಕ್ರೇನಿಗೆ ನೇತುಹಾಕಿದ ಸೇಬಿನ ಹಾರ, ಜೆಸಿಬಿಯಿಂದ ಹೂಮಳೆ, ಕೂಲಿ ಕೊಟ್ಟು ಕರೆತಂದ ಜನ. ಇದೆಲ್ಲ ನಿಮಗೆ ಗೊತ್ತೇ ಇದೆ. ಕುಕ್ಕರು, ಸೀರೆ, ಬಾಡೂಟದ ಬಗ್ಗೆಯೂ ಹೇಳಬೇಕಾಗಿಲ್ಲ. ನನ್ನ ಹೊಟ್ಟೆ ಉರಿಯುತ್ತಿರುವುದು ಬೇರೆಯದಕ್ಕೆ. ಮತ ಕೇಳಲು ಬರುವವರು ಈಗ ತಮ್ಮ ಬಾಯನ್ನೇ ಗುತ್ತಿಗೆಗೆ ಕೊಟ್ಟಿದ್ದಾರೆ. ಯಾವ ಊರಲ್ಲಿ ಯಾವ ದೇವರಿಗೆ ಕೈಮುಗಿಯಬೇಕು, ಯಾರ ಮನೆಯಲ್ಲಿ ನೆಲಕ್ಕೆ ಕೂತು ಉಣ್ಣಬೇಕು, ಎಲ್ಲಿ ಕಣ್ಣೊರೆಸಿಕೊಳ್ಳಬೇಕು, ಎಲ್ಲವನ್ನೂ ಆ ಊರನ್ನೇ ಕಾಣದವರು ಸಂಬಳಕ್ಕೆ ಕೂತು ಬರೆದುಕೊಡುತ್ತಾರೆ.

ಕಳೆದ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ಬೀದಿಗೂ ಒಬ್ಬ ಅಭ್ಯರ್ಥಿ ಬಂದರು. ಒಂಟಿ ಅಜ್ಜಿಯ ಮನೆ ಹೊಕ್ಕು ಮುದ್ದೆ ಮುರಿದರು. ಬೆಳಕು ಸರಿಯಿಲ್ಲವೆಂದು ಕ್ಯಾಮೆರಾ ಹುಡುಗ ಹೇಳಿದ್ದಕ್ಕೆ ಮತ್ತೊಮ್ಮೆ ಮುರಿದರು. ಅಜ್ಜಿ ಸಂಧ್ಯಾ ಸುರಕ್ಷಾ ಪಿಂಚಣಿಯ ಹಣ ನಿಂತುಹೋದ ಕಥೆ ತೆಗೆದಳು. "ಅದೆಲ್ಲ ಆಮೇಲೆ ಅಜ್ಜಿ, ಈಗ ಸ್ವಲ್ಪ ನಗಿ" ಎಂದ ಹುಡುಗ. ಅಭ್ಯರ್ಥಿ ತುಟಿ ಬಿಚ್ಚಲಿಲ್ಲ. ಸಂಜೆಯೊಳಗೆ ಎಲ್ಲರ ಮೊಬೈಲಿನಲ್ಲೂ ಆ ರೀಲ್ಸ್ ಹರಿದಾಡಿತು, ಹಿನ್ನೆಲೆಯಲ್ಲಿ ತಾಯಿಯ ಹಾಡು. ಅಜ್ಜಿಯ ಮಾತು ಅದರಲ್ಲಿರಲಿಲ್ಲ. ಇದನ್ನು ನೋಡಿ "ಎಷ್ಟು ಸರಳ ಮನುಷ್ಯ" ಎಂದು ಹಂಚಿಕೊಂಡವರು ನಮ್ಮವರೇ. ನಾಚಿಕೆಯಾಗಬೇಕು ನಮಗೆ!

ಚುನಾವಣೆ ಅಂದಮೇಲೆ ತಂತ್ರ ಇದ್ದೇ ಇರುತ್ತದೆ, ಒಪ್ಪುತ್ತೇನೆ. ಬೂತ್ ಲೆಕ್ಕ, ಜಾತಿ ಲೆಕ್ಕ ಹಿಂದೆಯೂ ಇತ್ತು. ಆದರೆ ಮಾತು ಮಾತ್ರ ಮತ ಕೇಳುವವರದೇ ಆಗಿರುತ್ತಿತ್ತು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಮತ ಕೇಳುವ ಹೊತ್ತಿಗೆ ಕಾಗೋಡಿನ ಗೇಣಿದಾರರ ಜೊತೆ ಸತ್ಯಾಗ್ರಹದಲ್ಲಿ ನಿಂತು ಬಂದಿದ್ದರು. ಜನರ ಹತ್ತಿರ ಓಟಿನ ಜೊತೆ ನೋಟನ್ನೂ ಕೇಳಿ ಗೆದ್ದರು. 1957ರಲ್ಲಿ ಸೋತರು. ಸೋತರೆಂದು ಗೇಣಿದಾರನ ಮಾತು ಬಿಡಲಿಲ್ಲ, 1962ರಲ್ಲಿ ಮತ್ತೆ ಆರಿಸಿಬಂದರು. ಅಂಥವರಿಗೆ ಭಾಷಣ ಬರೆದುಕೊಡುವ ಕಂಪನಿ ಯಾಕೆ ಬೇಕಿತ್ತು?

ಬಾಯಿ ಗುತ್ತಿಗೆ ಕೊಡುವುದು ಒಂದು ಪಕ್ಷದ ರೋಗ ಅಂದುಕೊಂಡು ಖುಷಿಪಡಬೇಡಿ. 2014ರಲ್ಲಿ ನರೇಂದ್ರ ಮೋದಿಯವರ ಪ್ರಚಾರಕ್ಕೆ ದುಡಿದ ತಂತ್ರಗಾರ ಪ್ರಶಾಂತ್ ಕಿಶೋರ್ ಮರುವರ್ಷವೇ ಬಿಹಾರದಲ್ಲಿ ಮೋದಿಯವರ ಎದುರಾಳಿ ನಿತೀಶ್ ಕುಮಾರ್ ಪರ ದುಡಿದರು. ನಮ್ಮಲ್ಲಿ 2023ರ ಗೆಲುವಿನ ಬೆನ್ನಿಗೇ ಕಾಂಗ್ರೆಸ್ಸಿನ ತಂತ್ರಗಾರ ಸುನಿಲ್ ಕನುಗೋಲು ಸಂಪುಟ ದರ್ಜೆಯೊಂದಿಗೆ ಮುಖ್ಯಮಂತ್ರಿಗಳ ಮುಖ್ಯ ಸಲಹೆಗಾರರಾದರು. ಯಾವ ಮತಯಂತ್ರದಲ್ಲಿ ನೀವು ಆ ಹೆಸರು ಕಂಡಿದ್ದಿರಿ? ಇನ್ನು ಈ ಸೇವೆಗೆಲ್ಲ ದುಡ್ಡು ಎಲ್ಲಿಂದ ಅಂದರೆ, ವಿಧಾನಸಭೆಗೆ ನಿಂತವರಿಗೆ 40 ಲಕ್ಷ ರೂಪಾಯಿಯ ಮಿತಿ ಇದೆ, ಪಕ್ಷಕ್ಕೆ ಮಿತಿಯೇ ಇಲ್ಲ. ಗಾದಿ ಸಿಕ್ಕ ಮೇಲೆ ಆ ದುಡ್ಡನ್ನು ಯಾರ ಬೆನ್ನ ಮೇಲೆ ವಸೂಲು ಮಾಡುತ್ತಾರೆ, ಯೋಚಿಸಿ.

ಬಾಯಿಪಾಠದ ಮಾತಿಗೆ ಹೊಣೆ ಇರುವುದಿಲ್ಲ. ಅದೇ ನನ್ನ ಸಿಟ್ಟು. ತನ್ನದಲ್ಲದ ಮಾತನ್ನು ಮುರಿಯಲು ಯಾರಿಗೂ ಸಂಕೋಚವಾಗದು. 2019ರಲ್ಲಿ ನಮ್ಮ ರಾಜ್ಯದಲ್ಲಿ ಪಕ್ಷಕ್ಕೆ ಬೆನ್ನು ತಿರುಗಿಸಿದ 17 ಶಾಸಕರು ಅನರ್ಹರಾದರು. ಡಿಸೆಂಬರ್ 5ರಂದು ಅವರ ಕ್ಷೇತ್ರಗಳ ಪೈಕಿ 15ರಲ್ಲಿ ಉಪಚುನಾವಣೆ ನಡೆಯಿತು. ಹೊಸ ಪಕ್ಷದ ಶಾಲು ಹೊದ್ದು ಬಂದವರಲ್ಲಿ ಬಹುತೇಕರನ್ನು ಮತದಾರರೇ ಮತ್ತೆ ಗೆಲ್ಲಿಸಿ ಕಳಿಸಿದರು. ಹಿಂದಿನ ಸಲ ಏನು ಹೇಳಿ ಮತ ಪಡೆದಿರಿ ಎಂದು ಅವರನ್ನು ನಿಲ್ಲಿಸಿ ಕೇಳಿದವರು ಎಷ್ಟು ಜನ?

ಕೈಮುಗಿದು ಕೇಳುತ್ತೇನೆ, ಇನ್ನಾದರೂ ಕೇಳಿ. ಅಭ್ಯರ್ಥಿ ಪ್ರಮಾಣ ಮಾಡಿ ಕೊಡುವ ಕಾಗದ ಒಂದಿದೆ, ನಾಮಪತ್ರದ ಜೊತೆಗಿನ ಅಫಿಡವಿಟ್. ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣ ಎಲ್ಲ ಅದರಲ್ಲಿದೆ. ಸುಳ್ಳು ಬರೆದರೆ ಆರು ತಿಂಗಳವರೆಗೆ ಜೈಲಾಗಬಹುದು. ಚುನಾವಣಾ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು. ರೀಲ್ಸ್ ನೋಡಲು ಸಿಗುವ ಹೊತ್ತು ಇದಕ್ಕೇಕೆ ಸಿಗುವುದಿಲ್ಲ? ಮನೆಮಂದಿಗೆಲ್ಲ ಓದಿ ಹೇಳಿ.

ಆಮೇಲೆ ಪ್ರಚಾರದ ವಾಹನ ಬಂದಾಗ ಅಡ್ಡ ನಿಲ್ಲಿ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದರೂ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲವಲ್ಲ, ಆಗ ನೀವು ಎಲ್ಲಿ, ಏನು ಮಾತಾಡಿದಿರಿ ಎಂದು ಕೇಳಿ. ನಮ್ಮೂರ ಕೆರೆಯ ಹೆಸರೇನು ಎಂದು ಕೇಳಿ. ಅಜ್ಜಿಯ ಪಿಂಚಣಿ ಯಾವ ಕಚೇರಿಯಲ್ಲಿ ನಿಂತಿದೆ ಎಂದು ಕೇಳಿ. ಜೈಕಾರ ಹಾಕುವವರು ಗದರುತ್ತಾರೆ, ಹೆದರಬೇಡಿ. ಮೈಕು ಹಿಡಿದವನೋ ಟ್ಯಾಬ್ ಹಿಡಿದವನೋ ಮುಂದೆ ಬಂದು ಉತ್ತರ ಶುರುಮಾಡಿದರೆ ಅಲ್ಲೇ ತಡೆಯಿರಿ. "ನೀವು ಸುಮ್ಮನಿರಿ, ನಾವು ಅವರನ್ನು ಕೇಳಿದ್ದು" ಎನ್ನಿ.