ಗೆರೆಯಿಂದ ಗೀರಿಗೆ: ಸೋಮನಾಥ ಹೋರ್ ಅವರ ‘ಗಾಯಗಳು’

ಸೋಮನಾಥ ಹೋರ್ (1921-2006) ಅವರ ‘ಗಾಯಗಳು’ ಮಾಲಿಕೆಯನ್ನು ಕುರಿತು ಒಂದು ಆಕ್ಷೇಪ ಸಹಜವಾಗಿಯೇ ಏಳುತ್ತದೆ. 1943ರ ಬಂಗಾಳದ ಕ್ಷಾಮವನ್ನು ಕಣ್ಣಾರೆ ಕಂಡು ಕಮ್ಯುನಿಸ್ಟ್ ಪಕ್ಷದ ಪತ್ರಿಕೆಗೆ ಹಸಿದವರ ಚಿತ್ರಗಳನ್ನು ಬರೆದುಕೊಟ್ಟವರು, 1946ರಲ್ಲಿ ರಂಗಪುರದ ಹಳ್ಳಿಗಳಿಗೆ ಹೋಗಿ ಬೆಳೆಯ ಮೂರರಲ್ಲಿ ಎರಡು ಪಾಲು ಕೇಳಿದ ತೇಭಾಗ ಚಳವಳಿಯ ರೈತರನ್ನು ದಿನಚರಿಯಲ್ಲಿಯೂ ರೇಖೆಗಳಲ್ಲಿಯೂ ದಾಖಲಿಸಿದವರು, 1970ರ ದಶಕದಲ್ಲಿ ಬರಿಯ ಬಿಳಿ ಹಾಳೆಗೆ ಬಂದು ನಿಂತರಲ್ಲ, ಇದು ಚರಿತ್ರೆಗೆ ಬೆನ್ನು ತಿರುಗಿಸಿದಂತಲ್ಲವೆ? ಅಲ್ಲವೆಂಬುದು ನನ್ನ ನಿಲುವು.

ಈ ಕೃತಿಗಳ ನಿರ್ಮಾಣಕ್ರಮವನ್ನು ಗಮನಿಸದೆ ಅವುಗಳ ಅರ್ಥವನ್ನು ಚರ್ಚಿಸುವುದು ವ್ಯರ್ಥ. ಜೇಡಿಮಣ್ಣಿನ ಅಥವಾ ಮೇಣದ ಹಲಗೆಯನ್ನು ಚಾಕುವಿನಿಂದ ಸೀಳಿ, ಕಾದ ಸಲಾಕೆಯಿಂದ ಸುಟ್ಟು, ಅದರಿಂದ ಸಿಮೆಂಟಿನ ಅಚ್ಚು ತೆಗೆದು, ಆ ಅಚ್ಚಿನ ಮೇಲೆ ಕಾಗದದ ತಿರುಳನ್ನು ಹರಡಿ ಅವರು ಹಾಳೆಯನ್ನೇ ಎರಕಹೊಯ್ದರು. ಹೆಚ್ಚಿನವುಗಳಲ್ಲಿ ಶಾಯಿಯಿಲ್ಲ, ಬಣ್ಣವಿಲ್ಲ. ಬೆಳಕು ಓರೆಯಾಗಿ ಬಿದ್ದಾಗಷ್ಟೇ ಸೀಳು, ತೂತು, ಬಾವುಗಳು ಕಾಣುತ್ತವೆ. ಗೆರೆಯು ಮೇಲ್ಮೈಗೆ ಏನನ್ನೋ ಕೂಡಿಸುತ್ತದೆ. ಗೀರು ಮೇಲ್ಮೈಯನ್ನೇ ಕೆಡಿಸುತ್ತದೆ. ದೆಹಲಿಯಲ್ಲಿ ಮುದ್ರಣಕಲೆಯನ್ನು ಕಲಿಸುತ್ತಿದ್ದ ವರ್ಷಗಳಲ್ಲಿ (1958-67) ಲೋಹದ ತಗಡನ್ನು ತಿನ್ನುವ ಆಮ್ಲವೇ ಅವರಿಗೆ ಈ ದಾರಿಯನ್ನು ತೋರಿಸಿರಬೇಕು.

ಮಾಲಿಕೆ ಮೂಡಿದ್ದು ನಕ್ಸಲೀಯ ಹಿಂಸೆ, ಪ್ರತಿಹಿಂಸೆ ಹಾಗೂ 1971ರ ಬಾಂಗ್ಲಾ ಯುದ್ಧದ ಆಸುಪಾಸಿನಲ್ಲಿ. ಕ್ಷಾಮದ ಚಿತ್ರದ ಮುಂದೆ ನಾವು ದೂರ ನಿಂತು ಮರುಗಬಹುದು; ಇಂಥ ಊರು, ಇಂಥ ವರ್ಷ ಎಂದು ಅದನ್ನು ಗತಕಾಲಕ್ಕೆ ಸೇರಿಸಿಬಿಡಬಹುದು. ಇಲ್ಲಿ ಆ ಅನುಕೂಲವಿಲ್ಲ. ಹೊಡೆದವನೂ ಇಲ್ಲ, ಬಿದ್ದವನೂ ಇಲ್ಲ. ಆಯುಧ ಹಾದುಹೋದ ಗುರುತಷ್ಟೇ ಇದೆ. ಆ ಆಯುಧವನ್ನು ಹಿಡಿದ ಕೈಯಾದರೋ ಕಲಾವಿದನದೇ. ಹಿಂಸೆಯನ್ನು ತೋರಿಸಲು ಹಿಂಸೆಯ ಚಲನೆಯನ್ನೇ ಅನುಸರಿಸಬೇಕಾದ ಈ ಇಕ್ಕಟ್ಟನ್ನು ಅವರು ಮರೆಮಾಚಲಿಲ್ಲ.

ಒಂದು ಅಪಾಯವನ್ನು ಮಾತ್ರ ಒಪ್ಪಲೇಬೇಕು. ಚೌಕಟ್ಟಿನೊಳಗಿನ ಬಿಳಿ ಹಾಳೆ ಬಹಳ ಸುಂದರವಾಗಿದೆ. ಹಣವಂತರ ಗೋಡೆಗೆ ಒಪ್ಪುವಷ್ಟು ಸುಂದರ. ಆದುದರಿಂದಲೇ ತೇಭಾಗ ದಿನಚರಿಯನ್ನು ಬಗಲಲ್ಲಿಟ್ಟುಕೊಂಡು ‘ಗಾಯಗಳ’ನ್ನು ನೋಡಬೇಕೆಂದು ನಾನು ವಾದಿಸುತ್ತೇನೆ. ಅದೇ ದಶಕದಲ್ಲಿ ಹೋರ್ ಮೇಣದ ಹಾಳೆಗಳನ್ನು ಮಡಿಸಿ, ಜೋಡಿಸಿ ಕಂಚಿನ ಆಕೃತಿಗಳನ್ನು ಎರಕಹೊಯ್ಯಲು ತೊಡಗಿದರು. ವಿಯೆಟ್ನಾಮಿಗೆ ಗೌರವಾರ್ಪಣೆಯಾಗಿ ರೂಪಿಸಿದ ತಾಯಿ-ಮಗುವಿನ ಶಿಲ್ಪ 1977ರಲ್ಲಿ ಶಾಂತಿನಿಕೇತನದ ಕಲಾಭವನದಿಂದ ಕಳವಾಯಿತು. ಉಳಿದ ಕಂಚುಗಳಲ್ಲಿ ಮನುಷ್ಯದೇಹ ಮರಳಿ ಬಂದಿದೆ. ಅದರ ಎದೆ, ಹೊಟ್ಟೆಗಳ ಮೇಲೆ ಬಿಳಿ ಹಾಳೆಯ ಅವೇ ಸೀಳುಗಳಿವೆ.